ಮೋಡ್ ಲೂಯಿಸ್ ಅವರ ಚಿತ್ರದ ಮನೆ



ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಮನೆ ಮೇಲಿನ ಸಾಲದ ಎಷ್ಟೋ ಅರ್ಜಿಗಳನ್ನು ನಾನು ತುಂಬಿಸಿಕೊಟ್ಟಿದ್ದೇನೆ. ಗೋಡೆ ಮಣ್ಣಿನದೋ ಕಲ್ಲಿನದೋ, ಮಾಡು ಹಂಚಿನದೋ ಹುಲ್ಲಿನದೋ, ಎಷ್ಟು ಚದರ ಅಡಿ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಗೋಡೆಯ ಮೇಲೆ ಮನೆಯಾಕೆ ಶೇಡಿಯಲ್ಲಿ ಏನು ಬರೆದಿದ್ದಾಳೆ ಎಂದು ಕೇಳುವ ಸಾಲು ಮಾತ್ರ ಇರಲಿಲ್ಲ. ಇಂದು ನಾನು ಹೇಳಹೊರಟ ಮನೆ ನಮ್ಮ ಮೇಜಿಗೆ ಬಂದಿದ್ದರೆ ಬಿಡಿಗಾಸು ಸಾಲವೂ ಹುಟ್ಟುತ್ತಿರಲಿಲ್ಲ.

ಆ ಮನೆ ಇದ್ದದ್ದು ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತದಲ್ಲಿ, ಡಿಗ್ಬಿ ಎಂಬ ಮೀನುಗಾರರ ಪಟ್ಟಣದ ಹತ್ತಿರ, ಮಾರ್ಷಲ್‌ಟೌನ್ ಎಂಬ ಹಳ್ಳಿಯ ರಸ್ತೆ ಬದಿಯಲ್ಲಿ. ಸುಮಾರು 13 ಅಡಿ ಉದ್ದ, 12 ಅಡಿ ಅಗಲದ ಹಲಗೆ ಮನೆ. ಕೆಳಗೆ ಒಂದೇ ಕೋಣೆ, ಮಲಗಲು ಮೇಲೊಂದು ಅಟ್ಟ. ವಿದ್ಯುತ್ತಿಲ್ಲ, ನಲ್ಲಿನೀರಿಲ್ಲ. ಮನೆಯ ಯಜಮಾನ ಎವರೆಟ್ ಲೂಯಿಸ್, ಮೀನು ಮಾರುವವನು. 1938ರಲ್ಲಿ ಅವನ ಕೈಹಿಡಿದು ಮೋಡ್ ಅಲ್ಲಿಗೆ ಬಂದರು.

1903ರಲ್ಲಿ ಹುಟ್ಟಿದ ಮೋಡ್‌ಗೆ ಎಳವೆಯಿಂದಲೇ ಸಂಧಿವಾತ. ಬೆರಳುಗಳು ಮುರುಟಿದ್ದವು, ಗಲ್ಲ ಎದೆಯತ್ತ ಬಾಗಿತ್ತು. ಚಿತ್ರಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಲ್ಲಿ ತಾಯಿಯ ಜೊತೆ ಕುಳಿತು ಕ್ರಿಸ್‌ಮಸ್ ಕಾರ್ಡು ಬರೆದದ್ದಷ್ಟೇ ಅವರ ಪಾಠ. ಮದುವೆಯಾದ ಮೇಲೆ ಗಂಡ ಮೀನು ಮಾರುವಾಗ ಇವರು ಜೊತೆಗೆ ಹೋಗಿ ಐದೈದು ಸೆಂಟಿಗೆ ಕಾರ್ಡು ಮಾರಿದರು.

ಕೈ ಸ್ವಾಧೀನದಲ್ಲಿಲ್ಲದ ಮೋಡ್‌ಗೆ ಮನೆಗೆಲಸ ಆಗುತ್ತಿರಲಿಲ್ಲ. ಅಡಿಗೆ, ಕಸ ಗುಡಿಸುವುದು ಎವರೆಟ್‌ನ ಪಾಲು. ಇವರು ಕುಂಚ ಹಿಡಿದರು. ಬಾಗಿಲ ಮೇಲೆ ಹೂ, ಹಕ್ಕಿ, ಚಿಟ್ಟೆ. ಕಿಟಕಿಯ ಗಾಜಿನ ಮೇಲೆ ಟ್ಯೂಲಿಪ್ ಹೂಗಳು. ಗೋಡೆ, ಅಟ್ಟದ ಮೆಟ್ಟಿಲು ಮುಗಿದ ಮೇಲೆ ಕಬ್ಬಿಣದ ಒಲೆ, ರೊಟ್ಟಿಯ ಡಬ್ಬ, ಕಸ ಎತ್ತುವ ತಗಡಿನ ಮೊರ! ಹೊರಗೆ ಹಿಮ ಬಿದ್ದು ಎಲ್ಲ ಬಿಳಿಯಾಗಿದ್ದರೂ ಒಳಗೆ ಹೂ ಬಾಡುತ್ತಿರಲಿಲ್ಲ. ನಮ್ಮಲ್ಲಿಯೂ ಹೊಸಿಲಿಗೆ, ತುಳಸಿಕಟ್ಟೆಗೆ ರಂಗವಲ್ಲಿ ಹಾಕುತ್ತಾರೆ. ಆದರೆ ಕಸದ ಮೊರಕ್ಕೆ ಹೂ ಬರೆದವರನ್ನು ನಾನಂತೂ ಕಂಡಿಲ್ಲ.

ಕಿಟಕಿಯ ಬಳಿ ಕುಳಿತು ಹಲಗೆಯ ತುಂಡುಗಳ ಮೇಲೆ ಬರೆದ ಎತ್ತು, ಬೆಕ್ಕು, ದೋಣಿಗಳನ್ನು ದಾರಿಹೋಕರಿಗೆ ಎರಡು ಮೂರು ಡಾಲರಿಗೆ ಮಾರುತ್ತಿದ್ದರು. 1964ರಲ್ಲಿ ಪತ್ರಿಕೆಯಲ್ಲಿ, 1965ರಲ್ಲಿ ದೂರದರ್ಶನದಲ್ಲಿ ಸುದ್ದಿಯಾಗಿ ಬೇಡಿಕೆ ಹೆಚ್ಚಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ನರ ಕಾಲದಲ್ಲಿ ಶ್ವೇತಭವನದಿಂದಲೂ ಎರಡು ಚಿತ್ರ ಕೇಳಿ ಬಂತು. ಬೆಲೆ ಮಾತ್ರ ಕೊನೆಗೂ ಹತ್ತು ಡಾಲರಿನ ಆಚೆಗೆ ಏರಿದ್ದು ಕಡಿಮೆ. 1970ರಲ್ಲಿ ಮೋಡ್ ತೀರಿಕೊಂಡರು. 1979ರಲ್ಲಿ ಕಳವಿಗೆ ನುಗ್ಗಿದವನ ಕೈಯಿಂದ ಎವರೆಟ್ ಕೊಲೆಯಾದ.

ಲೆಕ್ಕದ ಮನುಷ್ಯನಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1970ರ ದಶಕದಲ್ಲಿ ಒಂಟಾರಿಯೋದ ಲಂಡನ್ ಪಟ್ಟಣದ ಹೋಟೆಲಿನವರೊಬ್ಬರು ಗಿರಾಕಿಯೊಬ್ಬನಿಗೆ ಚೀಸ್ ಸ್ಯಾಂಡ್‌ವಿಚ್ ಕೊಟ್ಟು, ಅದಕ್ಕೆ ಬದಲಾಗಿ ಮೋಡ್ ಬರೆದ ಕಪ್ಪು ಲಾರಿಯ ಚಿತ್ರವನ್ನು ಪಡೆದಿದ್ದರು. 2022ರ ಹರಾಜಿನಲ್ಲಿ ಅದು 3,50,000 ಕೆನಡಾ ಡಾಲರಿಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ಎರಡು ಕೋಟಿ ದಾಟುತ್ತದೆ. ಬರೆದಾಕೆಯ ಖಾತೆಗೆ ಅದರಲ್ಲಿ ಒಂದು ಸೆಂಟೂ ಜಮೆಯಾಗಲಿಲ್ಲ.

ಮಾರದೆ ಉಳಿದದ್ದು ಮನೆಯೊಂದೇ. ಎವರೆಟ್ ಹೋದ ಮೇಲೆ ಕಡಲ ತೇವಕ್ಕೆ ಹಲಗೆ ಕುಂಬಾಗತೊಡಗಿತು. ಊರವರೇ ಸೇರಿ ಸಂಘ ಕಟ್ಟಿ ದುಡ್ಡು ಕೂಡಿಸಲು ನೋಡಿದರು, ಸಾಲಲಿಲ್ಲ. 1984ರಲ್ಲಿ ಪ್ರಾಂತದ ಸರಕಾರಕ್ಕೆ ಮಾರಿದರು. ಬಹಳ ವರ್ಷ ಅದು ದಾಸ್ತಾನಿನಲ್ಲೇ ಬಿದ್ದಿತ್ತು. ದುರಸ್ತಿಯಾಗಿ 1998ರಲ್ಲಿ, ಇನ್ನೂರು ಕಿಲೋಮೀಟರಿಗೂ ದೂರದ ಹ್ಯಾಲಿಫ್ಯಾಕ್ಸ್ ನಗರದ ಕಲಾಶಾಲೆಯ ಒಳಗೆ ಆ ಇಡೀ ಮನೆಯನ್ನೇ ನೋಡುವವರಿಗಾಗಿ ನಿಲ್ಲಿಸಿದರು.

ಸರಿಯಾಯಿತೋ ತಪ್ಪಾಯಿತೋ, ನನಗೆ ಇನ್ನೂ ಎರಡು ಮನಸ್ಸು. ಅಲ್ಲೇ ಬಿಟ್ಟಿದ್ದರೆ ಹಲಗೆ ಉಳಿಯುತ್ತಿರಲಿಲ್ಲ. ಮಾರ್ಷಲ್‌ಟೌನಿನ ಆ ರಸ್ತೆ ಬದಿಯಲ್ಲಿ ಈಗ, ಮೊದಲಿನ ಮನೆಯಷ್ಟೇ ಅಳತೆಗೆ, ಉಕ್ಕಿನ ಚೌಕಟ್ಟಿನ ಸ್ಮಾರಕವೊಂದು ನಿಂತಿದೆ. ಅದರಲ್ಲಿ ಟ್ಯೂಲಿಪ್ ಬರೆದ ಕಿಟಕಿ ಇಲ್ಲ.