ನಿಪ್ಪಾಣಿ ಯಾರಿಗೆ ಬೇಕು?

ಮಹಾಜನ್ ವರದಿಯೇ ಅಂತಿಮ ಅಂತ ಸ್ಟುಡಿಯೋದಲ್ಲಿ ಕೂತು ನಾನೂ ಎಷ್ಟು ಸಲ ಹೇಳಿದ್ದೇನೋ! ಆದರೆ ವೀಕ್ಷಕರೇ, 1967ರ ಆ ವರದಿ ಬೆಳಗಾವಿಯನ್ನು ನಮಗೆ ಉಳಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತ್ತು. ಬೆಳಗಾವಿ ಸಿಗಲಿಲ್ಲ ಅಂತ ಮಹಾರಾಷ್ಟ್ರ ವರದಿಯನ್ನೇ ಒಪ್ಪಲಿಲ್ಲ. ನಿಪ್ಪಾಣಿ ಇಲ್ಲೇ ಉಳೀತು.

ಕೈ ಬದಲಾಗೋದು ಈ ಊರಿಗೆ ಹೊಸದಲ್ಲ. 1839ರಲ್ಲಿ ದೇಸಾಯಿ ಸಿದ್ದೋಜಿರಾವ್ ನಿಂಬಾಳ್ಕರ್ ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಜಹಗೀರು ನುಂಗಿತು. ಆಮೇಲೆ ಮುಂಬೈ ಪ್ರಾಂತ್ಯ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ.

ಊರು ಬದುಕಿದ್ದು ಮಾತ್ರ ತಂಬಾಕಿನ ಮೇಲೆ. 1981ರಲ್ಲಿ ಅದರ ಬೆಲೆಗಾಗಿ ಶರದ್ ಜೋಶಿ ಜೊತೆ ರೈತರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಮೂರು ವಾರ ಕೂತರು. ಕನ್ನಡದವರೂ ಇದ್ದರು, ಮರಾಠಿಯವರೂ ಇದ್ದರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರ ಹೆಣ ಬಿತ್ತು. ಗಡಿ ಚರ್ಚೆಯಲ್ಲಿ ಅವರ ಮಾತು ನಾನು ಒಮ್ಮೆಯೂ ಎತ್ತಿಲ್ಲ.