ಬೀದರಿನ ಹಳೆಯ ಊರಿನಲ್ಲಿ ಒಂದು ದಿನ

ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗರಿಗೆ ಬೀದರ್ ದೂರದ ಊರೇನಲ್ಲ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯವನ್ನು ಸೇರುವವರೆಗೆ ಎರಡೂ ಒಂದೇ ಆಡಳಿತಕ್ಕೆ ಒಳಪಟ್ಟಿದ್ದುವು. ಆದರೂ ನಮ್ಮಲ್ಲಿ ಅದರ ಬೀದಿಗಳಲ್ಲಿ ನಡೆದಾಡಿದವರು ವಿರಳ. ಒಂದು ಭಾನುವಾರವನ್ನು ಅದಕ್ಕಾಗಿಯೇ ಮೀಸಲಿಟ್ಟು ನೋಡಿಬಂದೆನು.

ಊರಿನ ನಡುವೆ, ಮುಖ್ಯ ಬೀದಿಗಳು ಕೂಡುವಲ್ಲಿ, ಚೌಬಾರಾ ಎಂಬ ದುಂಡನೆಯ ಎತ್ತರದ ಗೋಪುರವಿದೆ. 15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಹನು ಕಲಬುರ್ಗಿಯಿಂದ ರಾಜಧಾನಿಯನ್ನು ತಂದದ್ದು ಈ ಊರಿಗೆ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಮೂರು ಅಂತಸ್ತಿನ ಈ ವಿದ್ಯಾಲಯ 1472ರಲ್ಲಿ ಮುಗಿಯಿತು. 17ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಹೊತ್ತಿ ಮುಂಭಾಗದ ಒಂದು ಪಾಲು ಕುಸಿದುಹೋಯಿತು. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಅದರ ಮೈಮೇಲೆ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಹೊಳೆಯುತ್ತವೆ.

ಪರ್ಷಿಯಾದ ಗೀಲಾನಿನಿಂದ ವರ್ತಕನಾಗಿ ಬಂದ ಗವಾನನು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದನು. ಜಮೀನಿನ ಅಳತೆ ಮಾಡಿಸಿದನು. ಪ್ರಾಂತಾಧಿಕಾರಿಗಳ ಕೈಯನ್ನು ಬಿಗಿಹಿಡಿದನು. ಶತ್ರುಗಳು ಹುಟ್ಟಿದರು. ಅವನ ಮುದ್ರೆಯನ್ನು ಕಾಯುತ್ತಿದ್ದವನನ್ನು ಒಲಿಸಿಕೊಂಡು, ಬರಿಯ ಕಾಗದಕ್ಕೆ ಮುದ್ರೆ ಒತ್ತಿಸಿ, ಒರಿಸ್ಸದ ರಾಜನಿಗೆ ಬರೆದ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ಗವಾನನು ಹೇಳಿದನೆಂದು ಫಿರಿಶ್ತಾ ಬರೆದಿದ್ದಾನೆ. ಬ್ಯಾಂಕಿನಲ್ಲಿ ಒಂದು ಚೆಕ್ಕಿನ ಮೇಲೆ ಸಂಶಯ ಬಂದರೆ ನನ್ನಂತಹ ಗುಮಾಸ್ತನೂ ಮಾದರಿ ಸಹಿಯನ್ನು ತೆಗೆದು ನೋಡುತ್ತಾನೆ. ಮೂರನೆಯ ಮುಹಮ್ಮದ್ ಷಹನಿಗೆ ಅಷ್ಟು ತಾಳ್ಮೆಯೂ ಇರಲಿಲ್ಲ. 1481ರ ಏಪ್ರಿಲಿನಲ್ಲಿ ಗವಾನನ ತಲೆ ಉರುಳಿತು. ಬಳಿಕ ಬೊಕ್ಕಸವನ್ನು ಶೋಧಿಸಿದಾಗ ಅವನ ಸ್ವಂತಕ್ಕೆಂದು ಸಿಕ್ಕಿದ್ದು ಅತ್ಯಲ್ಪ.

ಮುಂದೆ ಕೋಟೆ. ಅದರೊಳಗೆ ಮುತ್ತಿನ ಚಿಪ್ಪನ್ನು ಕರಿಯ ಕಲ್ಲಿನಲ್ಲಿ ಕೂಡಿಸಿದ ರಂಗೀನ್ ಮಹಲು. 1420ರ ದಶಕದ ಸೋಲಾ ಖಂಬ್ ಮಸೀದಿ. ಈ ಕೋಟೆಯ ಮಣ್ಣಿಗೊಂದು ವಿಶೇಷವುಂಟು. ಸತು ಮತ್ತು ತಾಮ್ರ ಬೆರೆಸಿ ಎರಕಹೊಯ್ದು, ಬೆಳ್ಳಿಯ ತಂತಿ ಕೂರಿಸಿದ ಬಿದರಿ ಪಾತ್ರೆಗೆ ಕಪ್ಪುಬಣ್ಣ ಬರಿಸುವುದು ಇದೇ ಮಣ್ಣು. ಕುಶಲಕರ್ಮಿಗಳು ಇಂದಿಗೂ ಊರೊಳಗೆ ಆ ಕೆಲಸ ಮಾಡುತ್ತಾರೆ.

ಗವಾನನು ಹೋದ ಮೇಲೆ ರಾಜ್ಯವನ್ನು ಹಿಡಿದು ನಿಲ್ಲಿಸುವವರು ಇಲ್ಲವಾದರು. ಅದು ಒಡೆದು ಬಿಜಾಪುರ, ಅಹಮದ್‌ನಗರ, ಬೇರಾರ್, ಬೀದರ್, ಗೋಲ್ಕೊಂಡ ಎಂದು ಐದಾಯಿತು. ಆ ಗೋಲ್ಕೊಂಡದ ಮುಹಮ್ಮದ್ ಕುಲಿ ಕುತುಬ್ ಷಹನು 1591ರಲ್ಲಿ ಕಟ್ಟಿದ್ದೇ ನಾವೀಗ ಬಾಳುತ್ತಿರುವ ಹೈದರಾಬಾದು. ಹೀಗೆ ನೋಡಿದರೆ ಬೀದರ್ ನಮ್ಮ ನಗರದ ಹಿರಿಯ ಮನೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿರಿ. ಚೌಬಾರಾದಿಂದ ಕೋಟೆಯವರೆಗೆ ಮಾತ್ರ ಕಾಲ್ನಡಿಗೆಯಲ್ಲಿಯೇ ಹೋಗಿರಿ.