ವಿಸರ್ಜಿತ ಪಡೆಯ ಉಡುಪು: ‘ಬ್ಲ್ಯಾಕ್ ಅಂಡ್ ಟ್ಯಾನ್ಸ್’ ಸಮವಸ್ತ್ರದ ಅಸಲಿತನದ ಪ್ರಶ್ನೆ

ಬರಖಾಸ್ತಾದ ಪೊಲೀಸ್ ಪಡೆಗಳ ಸಮವಸ್ತ್ರ ಸಂಗ್ರಹಿಸುವವರು ಐರ್ಲೆಂಡಿನ ‘ಬ್ಲ್ಯಾಕ್ ಅಂಡ್ ಟ್ಯಾನ್ಸ್’ ಉಡುಪಿಗಾಗಿ ಹಾತೊರೆಯುತ್ತಾರೆ. ಸೋಜಿಗವೆಂದರೆ, ಆ ಹೆಸರಿನ ಸಮವಸ್ತ್ರ ಯಾವ ದರ್ಜಿಯೂ ಹೊಲಿದದ್ದಲ್ಲ.

ಐರಿಷ್ ಸ್ವಾತಂತ್ರ್ಯ ಸಮರ ಕಾವೇರಿದಾಗ ಅಲ್ಲಿನ ಪೊಲೀಸ್ ಪಡೆಯಾದ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿಯಲ್ಲಿ ರಾಜೀನಾಮೆಗಳು ಹೆಚ್ಚಿದವು. 1920ರ ಜನವರಿಯಿಂದ ಬ್ರಿಟನ್ನಿನಲ್ಲಿ ನೇಮಕಾತಿ ಶುರುವಾಯಿತು. ಮಹಾಯುದ್ಧ ಮುಗಿಸಿ ಬಂದ ಸೈನಿಕರು ದಿನಕ್ಕೆ 10 ಶಿಲಿಂಗ್ ಸಂಬಳಕ್ಕೆ ಸೇರಿದರು. ಜನ ಸಿಕ್ಕರು, ಬಟ್ಟೆ ಸಾಲಲಿಲ್ಲ. ದೂರಕ್ಕೆ ಕಪ್ಪಾಗಿಯೇ ಕಾಣುವ ಪೊಲೀಸರ ಕಡುಹಸಿರು ಕೋಟಿಗೆ ಸೈನ್ಯದ ಖಾಕಿ ಪ್ಯಾಂಟು ಜೊತೆಯಾಯಿತು. ಲಿಮರಿಕ್ ಸೀಮೆಯ ಬೇಟೆನಾಯಿಗಳ ‘ಬ್ಲ್ಯಾಕ್ ಅಂಡ್ ಟ್ಯಾನ್ಸ್’ ಎಂಬ ಹೆಸರು ಅವರಿಗೆ ಅಂಟಿತು. ಕೆಲವು ತಿಂಗಳಲ್ಲಿ ಪೂರ್ತಿ ಹಸಿರು ಉಡುಪು ಬಂತಾದರೂ ಹೆಸರು ಬಿಡಲಿಲ್ಲ.

ಅದೇ ವರ್ಷ ಜುಲೈನಲ್ಲಿ ಹುಟ್ಟಿದ ಆಕ್ಸಿಲಿಯರಿ ಡಿವಿಜನ್ ಬೇರೆಯೇ ಪಡೆ. ಮಾಜಿ ಸೇನಾಧಿಕಾರಿಗಳದ್ದು, ಸಂಬಳ ದಿನಕ್ಕೆ 1 ಪೌಂಡ್. ಮಾರಾಟಗಾರರು ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿಬಿಡುವುದುಂಟು.

ಹಸಿರು ಕೋಟು ಇಡೀ ಕಾನ್‌ಸ್ಟಾಬ್ಯುಲರಿಯದು, ಖಾಕಿ ಪ್ಯಾಂಟು ಲಕ್ಷಾಂತರ ಸೈನಿಕರದು. ಹೀಗಾಗಿ ಬಿಡಿ ಬಟ್ಟೆ ಅಸಲಿಯಾದರೂ ಜೋಡಿ ನಕಲಿಯಾಗಿರಬಹುದು. ಪ್ಯಾಂಟಿನ ಒಳಗಿನ ಬಾಣದ ಗುರುತಿನ ಮುದ್ರೆ ಅದು ಸರ್ಕಾರಿ ಸರಕೆಂದು ಹೇಳುತ್ತದೆ, ತೊಟ್ಟವನ ಹೆಸರು ಹೇಳುವುದಿಲ್ಲ. ಗುಂಡಿಗಳು ತುಸು ಹೆಚ್ಚು ಮಾತಾಡುತ್ತವೆ. ಅವುಗಳ ಮೇಲೆ ಹಾರ್ಪ್ ವಾದ್ಯ, ಅದರ ಮೇಲೊಂದು ಕಿರೀಟ. 1922ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಶುರುವಾದ ರಾಯಲ್ ಅಲ್ಸ್ಟರ್ ಕಾನ್‌ಸ್ಟಾಬ್ಯುಲರಿಯೂ ಹಾರ್ಪ್ ಮತ್ತು ಕಿರೀಟವನ್ನೇ ಉಳಿಸಿಕೊಂಡಿತು. ಕಿರೀಟದ ಕಮಾನು ನಡುವೆ ತಗ್ಗಿದ್ದರೆ ಅದು ಎರಡನೇ ಎಲಿಜಬೆತ್ ಕಾಲದ್ದು; 1920ರ ಕೋಟಿನಲ್ಲಿ ಅದಕ್ಕೆ ಜಾಗವಿಲ್ಲ. ಕಮಾನು ದುಂಡಗೆ ಉಬ್ಬಿದ್ದರೂ ನಿಶ್ಚಿಂತೆಯಿಲ್ಲ, ಆ ಬಗೆಯ ಕಿರೀಟ 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿತ್ತು. ಗುಂಡಿ ಬದಲಿಸುವುದಕ್ಕೆ ಸೂಜಿ, ದಾರ ಸಾಕು ಎಂಬುದೂ ನೆನಪಿರಲಿ.

ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿಯ ವಿಸರ್ಜನೆ 1922ರ ಆಗಸ್ಟ್‌ನಲ್ಲಿ ಮುಗಿಯಿತು. ಹಲವರು ಪ್ಯಾಲೆಸ್ಟೈನಿನ ಬ್ರಿಟಿಷ್ ಜೆಂಡಾರ್ಮರಿಗೆ ಸೇರಿದರು. ಅದನ್ನೂ 1926ರಲ್ಲಿ ಮುಚ್ಚಲಾಯಿತು. ಬ್ರಿಟಿಷ್ ಪಡೆಗಳು ಕಾರ್ಕ್ ನಗರಕ್ಕೆ ಬೆಂಕಿಯಿಟ್ಟ 1920ರ ಡಿಸೆಂಬರ್ ರಾತ್ರಿಯನ್ನು ನೆನೆಯುವ ಐರಿಷ್ ಮನೆಗಳಲ್ಲಿ ಈ ಬಟ್ಟೆಯನ್ನು ಹೆಮ್ಮೆಯಿಂದ ತೂಗುಹಾಕುವವರು ಯಾರು? 2020ರ ಜನವರಿಯಲ್ಲಿ ಹಳೆಯ ಪೊಲೀಸರ ಸ್ಮರಣೆಗೆ ಐರಿಷ್ ಸರ್ಕಾರ ಏರ್ಪಡಿಸಿದ್ದ ಕಾರ್ಯಕ್ರಮ ಕೂಡ ಜನರ ವಿರೋಧದಿಂದ ಮುಂದಕ್ಕೆ ಹೋಯಿತು.

ಹೀಗಿರುವಾಗ ಬಟ್ಟೆಗಿಂತ ಕಾಗದವನ್ನು ನಂಬುವುದೇ ಸರಿ. ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ ಹೆಚ್‌ಓ 184 ಸರಣಿಯ ಸೇವಾ ದಫ್ತರಗಳಿವೆ. ಪ್ರತಿ ಪೇದೆಗೂ ಅಲ್ಲೊಂದು ಸಂಖ್ಯೆಯಿದೆ. ಆ ಸಂಖ್ಯೆಗೆ, ಅದೇ ಮನುಷ್ಯನ ಮನೆತನದಿಂದ ಬಂದ ಪತ್ರಕ್ಕೋ ಫೋಟೋಕ್ಕೋ ತಾಳೆಯಾಗದ ಜೋಡಿಯನ್ನು ಹಸಿರು ಕೋಟು, ಖಾಕಿ ಪ್ಯಾಂಟು ಎಂದಷ್ಟೇ ಪಟ್ಟಿಯಲ್ಲಿ ನಮೂದಿಸಬೇಕು, ಬೆಲೆಯನ್ನೂ ಅಷ್ಟಕ್ಕೇ ಕಟ್ಟಬೇಕು.